ಪ್ರಶ್ನೆ ಕೇಳುವ ಮುನ್ನ ತೋಟವನ್ನು ಕೇಳಿ



ಯುಗಾದಿಯ ದಿನ ಬೇವು-ಬೆಲ್ಲ ತಿಂದು ಪಂಚಾಂಗ ಶ್ರವಣಕ್ಕೆ ಕುಳಿತಾಗ ನಾವೆಲ್ಲ ಕಿವಿಗೊಟ್ಟು ಕೇಳುವ ಮಾತು ಒಂದೇ: ಈ ವರ್ಷ ಮಳೆ ಹೇಗೆ? ಕಳಸ, ಹೊರನಾಡು, ಸಂಸೆ, ಬಾಳೆಹೊಳೆಯ ಕಡೆ ಈ ಕೇಳುವಿಕೆ ಯುಗಾದಿಗೇ ಮುಗಿಯುವುದಿಲ್ಲ. ಬಾವಿ ತೋಡುವ ಮುನ್ನ ನೀರು ತೋರಿಸುವವರನ್ನು ಕರೆಸುತ್ತೇವೆ. ತೋಟಕ್ಕೆ ರೋಗ ಬಂದರೆ ಕವಡೆ ಹಾಕಿಸುತ್ತೇವೆ. ಕೊಟ್ಟಿಗೆಯ ಹಸು ಕಳೆದುಹೋದರೆ ಯಾವ ದಿಕ್ಕಿಗೆ ಹೋಯಿತೆಂದು ಕೇಳಿಸುತ್ತೇವೆ. ದೇವರ ಮುಂದೆ ಕುಳಿತು ಹೂವಿನ ಪ್ರಸಾದ ಕೇಳುತ್ತೇವೆ. ಬಲಕ್ಕೆ ಬಿದ್ದರೆ ಸಮಾಧಾನ, ಎಡಕ್ಕೆ ಬಿದ್ದರೆ ಚಿಂತೆ. ಹೊರಡುವಾಗ ಹಲ್ಲಿ ಲೊಚಗುಟ್ಟಿದರೆ ಒಂದು ಗಳಿಗೆ ನಿಲ್ಲುತ್ತೇವೆ.

ಇವುಗಳನ್ನು ಹೀಯಾಳಿಸಲು ಈ ಲೇಖನ ಬರೆಯುತ್ತಿಲ್ಲ. ನಂಬಿಕೆ ಅವರವರ ಮನೆಯದು, ಮನಸ್ಸಿನದು. ಆದರೆ ಬೇಸಾಯಕ್ಕೆ ಸಂಬಂಧಿಸಿದ ಯಾವ ಪ್ರಶ್ನೆಯನ್ನು ಯಾರಲ್ಲಿ ಕೇಳಬೇಕು ಎಂಬುದು ಹಣದ ಮಾತು, ಹೊಟ್ಟೆಯ ಮಾತು. ಉತ್ತರಕ್ಕಾಗಿ ಕಾದು ಕುಳಿತ ಹದಿನೈದು ದಿನದಲ್ಲಿ ಒಂದು ಫಸಲು ಕೈಬಿಟ್ಟು ಹೋಗಬಹುದು. ಆ ಬಗ್ಗೆ ಸ್ವಲ್ಪ ವಿಚಾರ ಮಾಡೋಣ.

ಲೋಕವೆಲ್ಲ ಕೇಳಿದ ಪ್ರಶ್ನೆ

ಮುಂದಾಗುವುದನ್ನು ತಿಳಿಯುವ ಹಂಬಲ ನಮ್ಮೊಬ್ಬರದೇ ಅಲ್ಲ. ಸುಮಾರು 3,200 ವರ್ಷಗಳ ಹಿಂದೆ ಚೀನಾ ದೇಶದ ಶಾಂಗ್ ವಂಶದ ಅರಸರು ಎತ್ತಿನ ಹೆಗಲ ಮೂಳೆಯನ್ನೂ ಆಮೆಯ ಹೊಟ್ಟೆಯ ಚಿಪ್ಪನ್ನೂ ಕಾಯಿಸಿ, ಅದರಲ್ಲಿ ಮೂಡುವ ಬಿರುಕುಗಳನ್ನು ನೋಡಿ ಭವಿಷ್ಯ ಹೇಳಿಸುತ್ತಿದ್ದರು. ಪ್ರಶ್ನೆಯನ್ನು ಆ ಮೂಳೆಯ ಮೇಲೆಯೇ ಕೆತ್ತಿಸುತ್ತಿದ್ದರು. ಸಾವಿರಾರು ಮೂಳೆಗಳು ಸಿಕ್ಕಿವೆ. ಯುದ್ಧ, ಕಾಯಿಲೆ, ಹೆರಿಗೆಯ ಪ್ರಶ್ನೆಗಳ ಜೊತೆಗೆ ಮಳೆ ಬರುವುದೇ, ಬೆಳೆ ಕೈಗೆ ಹತ್ತುವುದೇ ಎಂಬ ಪ್ರಶ್ನೆಗಳೂ ಅವುಗಳಲ್ಲಿವೆ. ಅರಸನೇ ಆದರೂ ಚಿಂತೆ ರೈತನದೇ!

ಆಫ್ರಿಕಾದ ನೈಜೀರಿಯಾ ಭಾಗದ ಯೊರುಬಾ ಜನರಲ್ಲಿ ಇಫಾ ಎಂಬ ಪದ್ಧತಿ ಇದೆ. ಹದಿನಾರು ತಾಳೆಬೀಜಗಳನ್ನು ಕೈಯಿಂದ ಕೈಗೆ ಹಿಡಿದು, ಉಳಿದ ಬೀಜದ ಲೆಕ್ಕದಿಂದ 256 ಗುರುತುಗಳಲ್ಲಿ ಒಂದನ್ನು ಪಡೆಯುತ್ತಾರೆ. ಪ್ರತಿ ಗುರುತಿಗೂ ಬಾಯಿಪಾಠದ ಪದ್ಯಗಳಿವೆ. ನಮ್ಮ ಕವಡೆ ಶಾಸ್ತ್ರದ ದೂರದ ನೆಂಟನಂತೆ ಇದು ಕಾಣುತ್ತದೆ.

ನಮ್ಮ ನಾಡಿನಲ್ಲೇ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ, ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಾಗ ಒಂದೇ ಒಂದು ವಾಕ್ಯ ನುಡಿದು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯವನ್ನು ಕೇಳಿ ಮಳೆ-ಬೆಳೆ ಹೀಗೆ ಎಂದು ರೈತರು, ರಾಜಕೀಯ ಹೀಗೆ ಎಂದು ಮುಖಂಡರು ತಂತಮ್ಮ ಅರ್ಥ ಕಟ್ಟಿಕೊಂಡು ಊರಿಗೆ ಮರಳುತ್ತಾರೆ. ಮಾತು ಒಂದೇ, ಅರ್ಥ ಕೇಳಿದವರಷ್ಟು.

ಇವೆಲ್ಲದರಲ್ಲೂ ಒಂದು ಸಮಾನ ಅಂಶವನ್ನು ಗಮನಿಸಿ. ಮನುಷ್ಯನ ತಿಳಿವಳಿಕೆ ಎಲ್ಲಿ ಮುಗಿಯುತ್ತದೋ ಅಲ್ಲಿ ಶಕುನ ಶುರುವಾಗುತ್ತದೆ. ಸೊಸಿಗೆ ಎಷ್ಟು ಆಳ ನೆಡಬೇಕೆಂದು ಯಾರೂ ಕವಡೆ ಹಾಕಿಸುವುದಿಲ್ಲ. ಅದು ನಮಗೆ ಗೊತ್ತಿದೆ. ಹಾಗಾದರೆ ನಿನ್ನೆ ಗೊತ್ತಿಲ್ಲದ್ದು ಇಂದು ಗೊತ್ತಾಗಿದ್ದರೆ, ಆ ಪ್ರಶ್ನೆಯನ್ನು ಇನ್ನೂ ಹಳೆಯ ಜಾಗದಲ್ಲೇ ಕೇಳುತ್ತಿರಬೇಕೆ?

ಪರೀಕ್ಷೆಯಲ್ಲಿ ಗೆದ್ದ ಒಂದು ಶಕುನ

ಹಳೆಯದೆಲ್ಲ ಸುಳ್ಳು ಎನ್ನುವವರಿಗೂ ಒಂದು ಮಾತು ಹೇಳಬೇಕು. ದಕ್ಷಿಣ ಅಮೆರಿಕದ ಪೆರು ಮತ್ತು ಬೊಲಿವಿಯಾ ದೇಶಗಳ ಆಂಡಿಸ್ ಬೆಟ್ಟಗಳಲ್ಲಿ ಆಲೂಗಡ್ಡೆ ಬೆಳೆಯುವ ರೈತರು ಜೂನ್ ಕೊನೆಯ ವಾರ ಬೆಳಗಿನ ಜಾವಕ್ಕೆ ಮುಂಚೆ ಗುಡ್ಡ ಹತ್ತಿ ಒಂದು ನಕ್ಷತ್ರ ಪುಂಜವನ್ನು ನೋಡುತ್ತಾರೆ. ಅದು ನಮ್ಮ ಕೃತ್ತಿಕೆಯೇ. ಚುಕ್ಕೆಗಳು ನಿಚ್ಚಳವಾಗಿ ಕಂಡರೆ ಮಳೆ ಬೇಗ, ಹೇರಳ. ಮಸುಕಾಗಿ ಕಂಡರೆ ಮಳೆ ತಡ, ಕಡಿಮೆ; ಬಿತ್ತನೆಯನ್ನು ಕೆಲವು ವಾರ ಮುಂದಕ್ಕೆ ಹಾಕುತ್ತಾರೆ. ಕನಿಷ್ಠ 400 ವರ್ಷಗಳಿಂದ ಈ ರೂಢಿ ಇದೆ.

2000ನೇ ಇಸವಿಯಲ್ಲಿ ಆರ್ಲೋವ್, ಚಿಯಾಂಗ್, ಕೇನ್ ಎಂಬ ಮೂವರು ವಿಜ್ಞಾನಿಗಳು ಇದನ್ನು ಹವಾಮಾನದ ಅಂಕಿಅಂಶಗಳೊಡನೆ ಹೋಲಿಸಿ ನೋಡಿದರು. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಜೂನ್ ತಿಂಗಳ ಆಕಾಶದಲ್ಲಿ, ಬರಿಗಣ್ಣಿಗೆ ಮೋಡವೆಂದು ತೋರದಷ್ಟು ತೆಳುವಾದ ಮೋಡ ಬಹಳ ಎತ್ತರದಲ್ಲಿ ಹರಡುತ್ತದೆ. ಚುಕ್ಕೆಗಳು ಮಸುಕಾಗುವುದು ಅದರಿಂದ. ಅದೇ ವರ್ಷಗಳಲ್ಲಿ ಆ ಬೆಟ್ಟಗಳಿಗೆ ಮುಂದಿನ ಮಳೆಯೂ ಕಡಿಮೆ. ಕಾರಣ ಗೊತ್ತಿಲ್ಲದಿದ್ದರೂ ಆ ರೈತರ ಕಣ್ಣು ಸರಿಯಾದದ್ದನ್ನೇ ನೋಡಿತ್ತು.

ಬೋರ್ನಿಯೊ ದ್ವೀಪದ ಕಾಂತು ಎಂಬ ಜನ ಕಾಡು ಕಡಿದು ಸುಟ್ಟು ಬತ್ತ ಬೆಳೆಯುವವರು, ನಮ್ಮ ಹಿಂದಿನ ಕುಮರಿ ಬೇಸಾಯದ ಹಾಗೆ. ಯಾವ ಜಾಗ ಕಡಿಯಬೇಕೆಂಬುದಕ್ಕೆ ಹಕ್ಕಿಗಳ ಶಕುನ ನೋಡುತ್ತಾರೆ. ಹಕ್ಕಿಗೂ ಬೆಳೆಗೂ ಸಂಬಂಧವಿಲ್ಲ. ಆದರೆ ಶಕುನ ಒಬ್ಬೊಬ್ಬರನ್ನು ಒಂದೊಂದು ಕಡೆ ಕಳುಹಿಸುವುದರಿಂದ ಊರಿನವರೆಲ್ಲ ಒಂದೇ ಬಗೆಯ ನೆಲಕ್ಕೆ ಬೀಳುವುದಿಲ್ಲ. ನೆರೆ ಬಂದರೆ ತಗ್ಗಿನವರದು ಹೋಗುತ್ತದೆ, ಬರ ಬಂದರೆ ಎತ್ತರದವರದು, ಊರು ಉಳಿಯುತ್ತದೆ. ಇದನ್ನು ಅಧ್ಯಯನ ಮಾಡಿದ ಮೈಕೆಲ್ ಡೋವ್ ಎಂಬವರ ವಿವರಣೆ ಇದು. ಎಲ್ಲ ಮೊಟ್ಟೆಯನ್ನೂ ಒಂದೇ ಕೋಳಿಯ ಕೆಳಗೆ ಇಡಬಾರದೆಂಬ ಬುದ್ಧಿ ಆ ಶಕುನದೊಳಗೆ ಅಡಗಿದೆ. ಕಾಫಿಯ ನಡುವೆ ಮೆಣಸು, ಅಡಿಕೆ, ಕಿತ್ತಳೆ ಇಟ್ಟುಕೊಂಡ ನಮ್ಮ ಹಿರಿಯರದೂ ಇದೇ ಬುದ್ಧಿ.

ಅಂದಮೇಲೆ ಒಂದು ಪದ್ಧತಿಯನ್ನು ಹಳೆಯದೋ ಹೊಸದೋ ಎಂದು ಅಳೆಯುವುದು ಬೇಡ. ಅದು ಏನನ್ನು ನೋಡಿ ಉತ್ತರ ಹೇಳುತ್ತದೆ ಎಂದು ಕೇಳಿ. ಗಾಳಿ, ಮೋಡ, ಎಲೆ, ಮಣ್ಣನ್ನು ನೋಡಿ ಹೇಳುತ್ತದೆಯೇ? ಅದಕ್ಕೆ ಬೆಲೆ ಕೊಡಿ.

ಮಳೆ ನಕ್ಷತ್ರ ಬೇರೆ, ಮೇಘಾಧಿಪತಿ ಬೇರೆ

ಈ ಅಳತೆಗೋಲನ್ನು ನಮ್ಮ ಪಂಚಾಂಗಕ್ಕೇ ಹಿಡಿಯೋಣ. ಪಂಚಾಂಗದಲ್ಲಿ ಎರಡು ಬಗೆಯ ಮಾತುಗಳಿವೆ. ಗ್ರಹಣದ ವೇಳೆ, ಹುಣ್ಣಿಮೆ, ಅಮಾವಾಸ್ಯೆಗಳು ಲೆಕ್ಕದ ಮಾತು, ಅವು ತಪ್ಪುವುದಿಲ್ಲ. ಆ ವರ್ಷದ ಮೇಘಾಧಿಪತಿ ಯಾರು, ಮಳೆ ಎಷ್ಟು ಎಂಬುದು ಫಲದ ಮಾತು. ಸಾಮಾನ್ಯ ರೂಢಿಯಂತೆ ಸೂರ್ಯ ಆರಿದ್ರಾ ನಕ್ಷತ್ರವನ್ನು ಪ್ರವೇಶಿಸುವ ದಿನ ಯಾವ ವಾರವೋ ಆ ವಾರದ ಗ್ರಹವೇ ಮೇಘಾಧಿಪತಿ. ಸೋಮವಾರವಾದರೆ ಚಂದ್ರ, ಮಂಗಳವಾರವಾದರೆ ಕುಜ. ಇಲ್ಲಿ ಮೋಡವನ್ನಾಗಲಿ ಗಾಳಿಯನ್ನಾಗಲಿ ಯಾರೂ ನೋಡಿಲ್ಲ, ವಾರವನ್ನಷ್ಟೇ ನೋಡಿದ್ದಾರೆ. ಮೇಲಾಗಿ ಕಳಸಕ್ಕೂ ಕಡೂರಿಗೂ ಅದೇ ಫಲ. ಕಡೂರಿನಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಕಳಸದಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವುದುಂಟು ಎಂಬುದು ನಿಮಗೆ ಗೊತ್ತೇ ಇದೆ.

ಮಳೆ ನಕ್ಷತ್ರಗಳ ಮಾತು ಬೇರೆ. ಅಶ್ವಿನಿಯಿಂದ ಆರಂಭಿಸಿ ಸುಮಾರು ಹದಿಮೂರು-ಹದಿನಾಲ್ಕು ದಿನಕ್ಕೊಂದರಂತೆ ಹೆಸರಿಟ್ಟು, ಯಾವ ಮಳೆಗೆ ಯಾವ ಕೆಲಸ ಎಂದು ಹಿರಿಯರು ತಲೆತಲಾಂತರದ ಅನುಭವದಿಂದ ಕಟ್ಟಿದ ಕೃಷಿ ಕ್ಯಾಲೆಂಡರು ಅದು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂಬ ಗಾದೆ ಮುಂಗಾರಿನ ಅನುಭವದಿಂದ ಬಂದದ್ದು. ಆದರೂ ಒಂದು ಎಚ್ಚರ ಬೇಕು. ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೀಳುತ್ತ ಹೋಗುತ್ತದೆ. ಸುಮಾರು ಸಾವಿರ ವರ್ಷದಲ್ಲಿ ಇದು ಹದಿನಾಲ್ಕು ದಿನ, ಅಂದರೆ ಒಂದು ಇಡೀ ಮಳೆ ನಕ್ಷತ್ರ! ಹಳೆಯ ಗಾದೆ ಇಂದು ನಿಮ್ಮ ಹೊಲಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ನಿಮ್ಮ ಹೊಲದ ಮಳೆಯೇ ಹೇಳಬೇಕು.

ಕಾಫಿ ಬೆಳೆಗಾರರಿಗೆ ಇದು ಬಹಳ ಮುಖ್ಯ. ರೊಬಸ್ಟಾ ಮೊಗ್ಗು ಹದವಾಗಿ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಹೂಮಳೆಗಾಗಿ ಕಾಯುತ್ತದೆ. ಯುಗಾದಿಯ ಪಂಚಾಂಗ ಓದುವ ಹೊತ್ತಿಗೆ ಅದರ ಹಣೆಬರಹ ಬಹುಮಟ್ಟಿಗೆ ಬರೆದಾಗಿರುತ್ತದೆ. ಒಂದರಿಂದ ಒಂದೂವರೆ ಇಂಚು ನೀರು ಸಿಕ್ಕರೆ ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಬರೀ ಹತ್ತು-ಇಪ್ಪತ್ತು ಸೆಂಟ್ ಮಳೆ ಬಿದ್ದು ನಿಂತರೆ ಮೊಗ್ಗು ಅರೆಬರೆ ಅರಳಿ ಕೆಡುತ್ತದೆ. ಹೂವಾದ ಮೇಲೆ ಹದಿನೈದು-ಇಪ್ಪತ್ತು ದಿನದೊಳಗೆ ಮತ್ತೊಂದು ಮಳೆ ಬೇಕು. ಬಾರದಿದ್ದರೆ ನೀರು ಕೊಡಬೇಕು. ಸ್ಪ್ರಿಂಕ್ಲರ್ ಇದ್ದವರು "ಈ ವಾರ ಮಳೆ ಬರುತ್ತದಂತೆ" ಎಂಬ ಮಾತಿಗೆ ಕಾದು ಹದ ಕಳೆದುಕೊಳ್ಳಬೇಡಿ. ಮೊಗ್ಗಿನ ಹದ ನೋಡಿ, ಐದು ದಿನದ ಹವಾಮಾನ ಮುನ್ಸೂಚನೆ ಕೇಳಿ, ಕೆರೆಯ ನೀರನ್ನು ಲೆಕ್ಕ ಹಾಕಿ, ಆಮೇಲೆ ನಿರ್ಧರಿಸಿ.

ಹವಾಮಾನ ಇಲಾಖೆಯ ಮಾತೂ ತಪ್ಪುವುದಿಲ್ಲವೇ ಎಂದು ನೀವು ಕೇಳಬಹುದು. ತಪ್ಪುತ್ತದೆ. 1875ರಲ್ಲಿ ಸ್ಥಾಪನೆಯಾದ ಆ ಇಲಾಖೆ 1886ರಲ್ಲಿ ಹಿಮಾಲಯದ ಹಿಮವನ್ನು ಆಧಾರವಾಗಿಟ್ಟುಕೊಂಡು ಮುಂಗಾರಿನ ಮುನ್ಸೂಚನೆ ಕೊಟ್ಟಿತು. ಅಂದಿನಿಂದ ಎಷ್ಟೋ ಬಾರಿ ತಪ್ಪಿದೆ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ, ಕಳಸದ ಗುಡ್ಡಗಳು ಕುಸಿದಾಗ ಇಂಥ ಗುಡ್ಡ ಇಂಥ ದಿನ ಜಾರುತ್ತದೆಂದು ಯಾರೂ ಹೇಳಿರಲಿಲ್ಲ. ಆದರೆ ಇಲಾಖೆ ತನ್ನ ತಪ್ಪನ್ನು ಬರೆದಿಟ್ಟು ಲೆಕ್ಕ ತಿದ್ದುತ್ತದೆ. ವ್ಯತ್ಯಾಸ ಇರುವುದು ಇಲ್ಲಿ.

ನೀರು ತೋರಿಸುವವರು

ಕವಲು ಕಡ್ಡಿ, ಅಂಗೈ ಮೇಲಿನ ತೆಂಗಿನಕಾಯಿ, ತಾಮ್ರದ ಸರಳು ಹಿಡಿದು ನೀರು ತೋರಿಸುವ ಪದ್ಧತಿ ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲೂ ಉಂಟು. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಒಂದು ದೊಡ್ಡ ಕಣಜದಲ್ಲಿ ಇದರ ಪರೀಕ್ಷೆ ನಡೆಯಿತು. ಕೆಳಗಿನ ಅಂತಸ್ತಿನಲ್ಲಿ ನೀರು ಹರಿಯುವ ಕೊಳವೆಯನ್ನು ಬೇಕಾದಲ್ಲಿಗೆ ಸರಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನಿಂತು ಅದು ಎಲ್ಲಿದೆ ಎಂದು ಹೇಳಬೇಕು. ನೂರಾರು ಜನರಿಂದ ಆಯ್ದ 43 ಮಂದಿ 843 ಬಾರಿ ಪ್ರಯತ್ನಿಸಿದರು. ಕೆಲವರಿಗೆ ವಿಶೇಷ ಶಕ್ತಿ ಇದೆಯೆಂದು ಪರೀಕ್ಷೆ ನಡೆಸಿದವರು ಹೇಳಿದರು. 1999ರಲ್ಲಿ ಅಮೆರಿಕದ ಎನ್‌ರೈಟ್ ಎಂಬ ವಿಜ್ಞಾನಿ ಅವೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಸುಮ್ಮನೆ ಊಹಿಸಿ ಹೇಳಿದರೂ ಅಷ್ಟೇ ಸರಿ ಬರುತ್ತಿತ್ತು ಎಂದು ತೋರಿಸಿದರು.

"ನಮ್ಮ ಊರಲ್ಲಿ ಅವರು ತೋರಿಸಿದಲ್ಲೆಲ್ಲ ನೀರು ಬಂದಿದೆಯಲ್ಲ?" ಎಂದರೆ, ಮಲೆನಾಡಿನ ಕಣಿವೆಯಲ್ಲಿ ತೋಡಿದರೆ ಹೆಚ್ಚಿನ ಕಡೆ ನೀರು ಬರುತ್ತದೆ. ತೋರಿಸದ ಜಾಗದಲ್ಲೂ ಒಮ್ಮೆ ತೋಡಿದ್ದರೆ ಹೋಲಿಸಬಹುದಿತ್ತು; ಹಾಗೆ ಯಾರೂ ತೋಡುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಬೋರ್ ಕೊರೆಸುವಾಗ ನಿಜವಾದ ಪರೀಕ್ಷೆ. ಅಲ್ಲಿ ನೀರು ಇರುವುದು ಕಲ್ಲಿನ ಬಿರುಕಿನಲ್ಲಿ. ಬಿರುಕು ಸಿಗದಿದ್ದರೆ ನೂರಾರು ಅಡಿ ಕೊರೆದರೂ ಧೂಳು, ಮೇಲೆ ಸಾಲ.

ಇಲ್ಲಿಯೂ ನಮ್ಮ ಹಿರಿಯರ ಇನ್ನೊಂದು ದಾರಿ ಇತ್ತು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರಿನ ಬಗ್ಗೆಯೇ ಒಂದು ಅಧ್ಯಾಯವಿದೆ. ನೇರಳೆ, ಮತ್ತಿ, ಅತ್ತಿಯಂಥ ಮರಗಳು, ಅವುಗಳ ಪಕ್ಕದ ಹುತ್ತ, ಮಣ್ಣಿನ ಬಣ್ಣ, ಕಲ್ಲಿನ ಬಗೆ ಇವನ್ನು ನೋಡಿ ನೀರು ಎಲ್ಲಿ, ಎಷ್ಟು ಆಳದಲ್ಲಿ ಎಂದು ಅವನು ಹೇಳುತ್ತಾನೆ. ಅವನ ಎಲ್ಲ ಅಳತೆಯೂ ಸರಿಯೆಂದಲ್ಲ. ಆದರೆ ಗೆದ್ದಲಿಗೆ ತೇವ ಬೇಕು, ಅತ್ತಿಯ ಬೇರಿಗೆ ನೀರು ಬೇಕು. ಅವನು ನೆಲವನ್ನು ನೋಡಿದ್ದಾನೆ. ನೀವೂ ಹಾಗೆಯೇ ಬೇಸಿಗೆಯಲ್ಲಿ ಎಲ್ಲಿ ಹುಲ್ಲು ಹಸಿರಾಗಿ ಉಳಿದಿದೆ, ಯಾವ ಬಾವಿ ಏಪ್ರಿಲ್‌ನಲ್ಲೂ ಬತ್ತಿಲ್ಲ ಎಂದು ನೋಡಿ. ಬೋರ್ ಕೊರೆಸುವ ಮುನ್ನ ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳಿಂದ ಸಲಹೆ ಪಡೆಯಿರಿ. ನೆಲಕ್ಕೆ ವಿದ್ಯುತ್ ಹಾಯಿಸಿ ಪದರಗಳನ್ನು ಅಳೆಯುವ ವಿಧಾನವೂ ನೂರಕ್ಕೆ ನೂರು ಖಾತ್ರಿಯಲ್ಲ, ಆದರೆ ಅದು ನೆಲವನ್ನೇ ಕೇಳುತ್ತದೆ.

ಅಡಿಕೆ ತೋಟದ ರೋಗ: ಕಾಯುವುದೇ ನಷ್ಟ

ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ. 2020ರ ನಂತರದ ವರ್ಷಗಳಲ್ಲಿ ಕಳಸದ ಸುತ್ತಿನ ಅಡಿಕೆ ತೋಟಗಳನ್ನು ಎಲೆಚುಕ್ಕಿ ರೋಗ ಹೇಗೆ ಹಾಳುಗೆಡವಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಸಣ್ಣ ಬೆಳೆಗಾರರ ಎರಡು ಎಕರೆ ತೋಟವನ್ನು ನಾನು ಕಂಡಿದ್ದೇನೆ. ಕೆಳಗಿನ ಸೋಗೆಗಳಲ್ಲಿ ಚುಕ್ಕೆ ಕಂಡಾಗ ಮನೆಯವರು ಪ್ರಶ್ನೆಗೆ ಹೋದರು. ದೋಷವಿದೆ ಎಂದು ಬಂತು. ಶಾಂತಿಗೆ ದಿನ ಗೊತ್ತು ಮಾಡಿ, ಹಣ ಹೊಂದಿಸಿ, ನೆಂಟರನ್ನು ಕರೆದು ಮುಗಿಸುವಾಗ ಎರಡು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಚುಕ್ಕೆ ಮೇಲಿನ ಸೋಗೆಗಳಿಗೂ ಪಕ್ಕದ ತೋಟಕ್ಕೂ ಹತ್ತಿತ್ತು. ಆ ಮನೆಗೆ ನಷ್ಟ ತಂದದ್ದು ಶಾಂತಿ ಮಾಡಿಸಿದ್ದಲ್ಲ, ಅದು ಮುಗಿಯುವವರೆಗೆ ದೋಟಿ ಎತ್ತದೆ ಕುಳಿತದ್ದು. ದೇವರ ಕಾರ್ಯ ಮಾಡಿಸುವವರು ಮಾಡಿಸಿ. ಅದೇ ವಾರ ಸೋಗೆಯನ್ನೂ ತೆಗೆಸಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಎಲೆಚುಕ್ಕಿಗೆ ಕಾರಣ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಅದರ ಬೀಜಕಣಗಳು ಮಳೆಹನಿಯ ಸಿಡಿತಕ್ಕೆ, ಗಾಳಿಗೆ ಸಿಕ್ಕಿ ಮರದಿಂದ ಮರಕ್ಕೆ ಹೋಗುತ್ತವೆ. ಆದ್ದರಿಂದ:

1. ರೋಗ ಹೆಚ್ಚಿರುವ ಸೋಗೆಗಳನ್ನು ಕತ್ತರಿಸಿ, ಬಿದ್ದವನ್ನೂ ಆಯ್ದು, ತೋಟದ ಹೊರಗೆ ಸುಟ್ಟುಹಾಕಿ.

2. ಮಳೆಗಾಲಕ್ಕೆ ಮುಂಚೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಗೊನೆಗಷ್ಟೇ ಅಲ್ಲದೆ ಸೋಗೆಗಳಿಗೂ ಸಿಂಪಡಿಸಿ. ಪ್ರಮಾಣ: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಮಳೆ ಬಿಡುವು ಕೊಟ್ಟಾಗ ಪ್ರೊಪಿಕೊನಜೋಲ್ ಲೀಟರಿಗೆ 1 ಮಿ.ಲೀ.ನಂತೆ ಅಂಟಿನೊಡನೆ ಸಿಂಪಡಿಸಬಹುದು. ಔಷಧಿ ಕೊಳ್ಳುವ ಮುನ್ನ ತೋಟಗಾರಿಕೆ ಇಲಾಖೆಯವರ ಈಚಿನ ಸಲಹೆ ಕೇಳಿ.

3. ಮರಕ್ಕೆ ಹೊಟ್ಟೆ ತುಂಬ ಕೊಡಿ. ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಬಸಿಗಾಲುವೆ ಸ್ವಚ್ಛವಾಗಿರಲಿ.

4. ಅಕ್ಕಪಕ್ಕದ ತೋಟದವರು ಸೇರಿ ಒಂದೇ ವಾರದಲ್ಲಿ ಸಿಂಪರಣೆ ಮುಗಿಸಿ. ಬೂಷ್ಟಿಗೆ ಬೇಲಿ ಗೊತ್ತಿಲ್ಲ.

ಎಲ್ಲ ಹಳದಿಯೂ ಎಲೆಚುಕ್ಕಿಯಲ್ಲ ಎಂಬುದೂ ನೆನಪಿರಲಿ. ಗರಿಗಳ ತುದಿಯಿಂದ ಹಳದಿ ಏರಿ, ನಡುನರ ಹಸಿರಾಗಿ ಉಳಿದು, ಒಳಗಿನ ಅಡಿಕೆ ಮೆತ್ತಗಾಗಿ ಕಪ್ಪಾದರೆ ಅದು ಹಳದಿ ಎಲೆ ರೋಗ. ಅದಕ್ಕೆ ವಾಸಿ ಮಾಡುವ ಔಷಧಿ ಇಂದಿಗೂ ಇಲ್ಲ. ಗೊಬ್ಬರ, ನೀರು, ಬಸಿಗಾಲುವೆಯಿಂದ ಮರದ ಆಯುಷ್ಯ ಎಳೆಯಬಹುದು, ಕಾಫಿ-ಮೆಣಸಿನ ಕಡೆ ಹೊರಳಬಹುದು, ಅಷ್ಟೇ. ಇಂಥ ಕಡೆ ಮನಸ್ಸು ದೇವರ ಕಡೆ ತಿರುಗುವುದು ಸಹಜ. ಆದರೆ ಯಾರಾದರೂ ಖಚಿತವಾಗಿ ವಾಸಿ ಮಾಡುತ್ತೇನೆಂದು ಹಣ ಕೇಳಿದರೆ, ಅವರ ಕೈಯಲ್ಲಿ ಕವಡೆ ಇರಲಿ, ಬಣ್ಣದ ಬಾಟಲಿ ಇರಲಿ, ಕೊಡಬೇಡಿ.

ಒಂದು ನೋಟ್‌ಬುಕ್ ಇಡಿ

ಚೀನಾದ ಆ ಹಳೆಯ ಮೂಳೆಗಳ ಬಗ್ಗೆ ಒಂದು ಮಾತು ಬಾಕಿ ಇದೆ. ಅವುಗಳಲ್ಲಿ ಕೆಲವಕ್ಕೆ ಪ್ರಶ್ನೆ, ಉತ್ತರಗಳ ಜೊತೆಗೆ ಆಮೇಲೆ ನಿಜವಾಗಿ ಏನಾಯಿತು ಎಂಬುದನ್ನೂ ಕೆತ್ತಿದ್ದಾರೆ. ಮಳೆ ಬಂತು, ಬರಲಿಲ್ಲ ಎಂದು. ಮೂರು ಸಾವಿರ ವರ್ಷಗಳ ಹಿಂದಿನವರು ಮಾಡಿದ ಆ ಕೆಲಸ ನಮ್ಮಿಂದಲೂ ಆಗಬೇಕು.

ಅಂಗಳದಲ್ಲಿ ಒಂದು ಮಳೆಮಾಪಕ ಇಡಿ. ಹಿಂದಿನ ಕಾಫಿ ಎಸ್ಟೇಟುಗಳಲ್ಲಿ ಇಂಚು-ಸೆಂಟಿನ ಲೆಕ್ಕ ತಪ್ಪದೆ ಬರೆಯುತ್ತಿದ್ದರು. ಸಣ್ಣ ಬೆಳೆಗಾರರೂ ಬರೆಯಬಹುದು. ಪುಟದ ಎಡಕ್ಕೆ ಪಂಚಾಂಗ ಹೇಳಿದ್ದು, ನಡುವೆ ಹವಾಮಾನ ಇಲಾಖೆ ಹೇಳಿದ್ದು, ಬಲಕ್ಕೆ ಬಿದ್ದ ಮಳೆ. ಹೂವು ಅರಳಿದ ದಿನ, ಮೊದಲ ಚುಕ್ಕೆ ಕಂಡ ದಿನ, ಸಿಂಪಡಿಸಿದ ದಿನ, ಕೊನೆಗೆ ಬಂದ ಫಸಲು. ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ಐದು ವರ್ಷ ಬರೆದ ಮೇಲೆ ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಹೇಳಲು ನನ್ನಂಥ ಅಧಿಕಾರಿಯೂ ಬೇಕಾಗುವುದಿಲ್ಲ.

ರೋಗದ ಸೋಗೆಯ ತುಂಡನ್ನು ಮೂಡಿಗೆರೆಯ ಸಂಶೋಧನಾ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಕಾಫಿಯ ವಿಷಯಕ್ಕೆ 1925ರಿಂದ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇದೆ. ಮಣ್ಣನ್ನು ಪರೀಕ್ಷೆ ಮಾಡಿಸಿ. ಈ ವರ್ಷ ತೋಟದಲ್ಲಿ ಹೊಸ ಚುಕ್ಕೆ ಕಂಡ ದಿನ, ಮೊದಲು ದೋಟಿ ತೆಗೆದುಕೊಳ್ಳಿ.